ವಾರಕ್ಕೊಂದು ಮಾತು, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ನಮ್ಮ ಗುರುವಾರದ ಕೂಟದ ಅನುಭವ

ಬೈಬಲ್ ಅಧ್ಯಯನ ಅಂದರೆ ಒಬ್ಬರು ಮಾತಾಡುವುದು, ಉಳಿದವರು ತಲೆಯಾಡಿಸುವುದು ಅನ್ನುವ ಪದ್ಧತಿಯನ್ನು ನಮ್ಮ ಗುರುವಾರದ ಕೂಟದಲ್ಲಿ ಬಿಟ್ಟು ಮೂರು ವರ್ಷದ ಮೇಲಾಯಿತು. ಆಗ ಬರುತ್ತಿದ್ದದ್ದು ಎಂಟೋ ಒಂಬತ್ತೋ ಮಂದಿ. ಈಗ ಹುಬ್ಬಳ್ಳಿಯ ಮೂರು ಮನೆಗಳಲ್ಲಿ ಕೂಟ ಸೇರುತ್ತದೆ, ಎಲ್ಲ ಸೇರಿ ನಲವತ್ತರ ಹತ್ತಿರ. "ಅಲ್ರೀ, ಇದು ಬೈಬಲ್ ಕ್ಲಾಸೋ, ಸೊಸೈಟಿ ಲೆಕ್ಕಾನೋ?" ಅಂತ ಕೇಳಿದ್ದ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರೇ ಅದರಲ್ಲಿ ಒಂದನ್ನು ನಡೆಸುತ್ತಿದ್ದಾರೆ. ಬೇರೆ ಸಭೆಗಳ ಸಂಡೇ ಸ್ಕೂಲ್ ಶಿಕ್ಷಕರು ಫೋನ್ ಮಾಡಿ, ಓದಿದ ಭಾಗದಿಂದ ಒಂದು ಕೆಲಸ ಬರೆದುಕೊಂಡು ಮಾಡಿದೆವೋ ಇಲ್ಲವೋ ಅಂತ ಗುರುತಿಡುವ ನಮ್ಮ ಈಗಿನ ಪದ್ಧತಿಯ ಬಗ್ಗೆ ಕೇಳುತ್ತಲೇ ಇರುವುದರಿಂದ ಒಮ್ಮೆ ಬರೆದುಬಿಡುತ್ತಿದ್ದೇನೆ.

ಮೊದಲು ಕೈಗೂಡದೆ ಹೋದವುಗಳ ಮಾತು. "ದೇವರ ಅಧಿಕಾರ" ಅನ್ನುವ ವಿಷಯ ತೆಗೆದುಕೊಂಡು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಿಂದ ಶುರು ಮಾಡಿದೆವು, ಆಳುವ ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವ ಭಾಗ. ಎಲೆಕ್ಷನ್ ಹತ್ತಿರ ಬಂದಿತ್ತು. ಎರಡನೇ ವಾರಕ್ಕೇ ಯಾವ ಪಕ್ಷ, ಯಾವ ಸರ್ಕಾರ ಅಂತ ಜಗಳ ಹತ್ತಿ, ಇಬ್ಬರು ಅಣ್ಣತಮ್ಮಂದಿರು ಒಂದು ತಿಂಗಳು ಕೂಟಕ್ಕೆ ಬರಲಿಲ್ಲ. ಆಮೇಲೆ ಹೊರಗಿನಿಂದ ಬಣ್ಣಬಣ್ಣದ ಪಾಠದ ಪುಸ್ತಕ ತರಿಸಿದೆವು, ನಾಲ್ಕು ಸಾವಿರದ ಆಸುಪಾಸು ಖರ್ಚು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆ ಎಲ್ಲರೂ ಸರಿ ಉತ್ತರ ಬರೆದರು, ಆದರೆ ಯಾರ ಮನೆಯಲ್ಲೂ ಏನೂ ಬದಲಾಗಲಿಲ್ಲ. ಕ್ವಿಜ್ ಇಟ್ಟು ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟೆವು. ಅದಕ್ಕೆ ಎರಡೂವರೆ ಸಾವಿರ ಹೋಯಿತು, ಡಬ್ಬಿಯೆಲ್ಲ ಒಂದೇ ಮನೆಯ ಮಕ್ಕಳಿಗೆ ಹೋಯಿತು. ಪ್ರೊಜೆಕ್ಟರ್ ಬಾಡಿಗೆ, ಝೆರಾಕ್ಸ್, ಚಹಾ, ಉಪ್ಪಿಟ್ಟು ಎಲ್ಲ ಹಿಡಿದರೆ ಆ ವರ್ಷ ಹನ್ನೆರಡು ಸಾವಿರ ದಾಟಿತ್ತು. ಹೆಚ್ಚಿನ ಪಾಲು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಹೋದದ್ದು.

ಈಗಿನ ಖರ್ಚು ತಲೆಗೊಂದು ನೂರು ಪುಟದ ನೋಟ್‌ಬುಕ್, ಸಗಟಿನಲ್ಲಿ ಇಪ್ಪತ್ತೈದು ರೂಪಾಯಿ, ಮತ್ತೆ ಚಹಾ. ಅಷ್ಟೇ.

ಪದ್ಧತಿ ಹೀಗೆ. ತಿಂಗಳಿಗೆ ಒಂದೇ ವೇದಭಾಗ. ಪ್ರತಿ ವಾರ ಅದನ್ನೇ ಓದುತ್ತೇವೆ, ಓದುವವರು ಮಾತ್ರ ಬೇರೆ. ವಿವರಣೆ ಹತ್ತು ನಿಮಿಷ ಮೀರಬಾರದು. ಆಮೇಲೆ ಪ್ರತಿಯೊಬ್ಬರೂ ಎಡಗಡೆ ಕಾಲಂನಲ್ಲಿ, ಈ ಭಾಗದಲ್ಲಿ ದೇವರು ನನಗೆ ಹೇಳಿದ್ದು ಅಂತ ಒಂದೇ ಒಂದು ಮಾತು ಬರೆಯಬೇಕು, ಮುಂದಿನ ಗುರುವಾರದೊಳಗೆ ಮಾಡಿ ಮುಗಿಸುವಂಥದ್ದು. "ಇನ್ನು ಮೇಲೆ ತಾಳ್ಮೆಯಿಂದ ಇರುತ್ತೇನೆ" ನಡೆಯುವುದಿಲ್ಲ. "ಶನಿವಾರ ಅತ್ತೆಗೆ ಫೋನ್ ಮಾಡುತ್ತೇನೆ" ನಡೆಯುತ್ತದೆ. ಬಲಗಡೆ ಕಾಲಂನಲ್ಲಿ ಮುಂದಿನ ವಾರ ಬರೆಯುವುದು ಎರಡರಲ್ಲಿ ಒಂದು: ಮಾಡಿದೆ, ಮಾಡಲಿಲ್ಲ. ಕಾರಣ ಬರೆಯುವಂತಿಲ್ಲ. ಈ ಕೊನೆಯ ನಿಯಮಕ್ಕೇ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು, ಕೂಟ ನಿಂತಿರುವುದೂ ಅದರ ಮೇಲೆಯೇ.

ಮೊದಲು ಹಿಡಿದದ್ದು ಮತ್ತಾಯ 8, ಕಾಯಿಲೆ ಬಿದ್ದ ಆಳಿಗಾಗಿ ಯೇಸುವನ್ನು ಬೇಡಿಕೊಂಡ ಕಪೆರ್ನೌಮಿನ ಶತಾಧಿಪತಿ, ಅಂದರೆ ನೂರು ಸೈನಿಕರ ಮೇಲಿನ ಅಧಿಕಾರಿ. ನಾನು ಎಷ್ಟೋ ಸಲ ಕಲಿಸಿದ್ದ ಭಾಗ. ಆ ಸಲ ಓದುವ ಸರದಿ ಬಂದದ್ದು ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿದ್ದು ನಿವೃತ್ತರಾದ ಹವಾಲ್ದಾರ್ ಕಾಕಾ ಅವರಿಗೆ. "ನಾನೂ ಮತ್ತೊಬ್ಬರ ಕೈಕೆಳಗಿರುವವನು" ಅನ್ನುವ ಕಡೆ ಬಂದು ನಿಂತರು, ಕನ್ನಡಕ ತೆಗೆದರು. "ಇಲ್ಲೇ ಐತಿ ನೋಡ್ರಿ. ನಾನು ಜವಾನರಿಗೆ ಹೋಗು ಅಂದ್ರ ಹೋಗ್ತಿದ್ರು. ನನ್ನ ಮಾರಿ ನೋಡಿ ಅಲ್ಲ. ನನ್ನ ಮ್ಯಾಲೆ ಸುಬೇದಾರ್, ಅವರ ಮ್ಯಾಲೆ ಕರ್ನಲ್ ಸಾಹೇಬ್ರು ಇದ್ರು. ನಾನು ಮ್ಯಾಲಿನವರ ಮಾತು ಮುರದಿದ್ರ ನನ್ನ ಮಾತಿಗೆ ಕವಡಿ ಕಿಮ್ಮತ್ತಿಲ್ಲ. ಈ ಮನಷ್ಯಾ ಯೇಸುಸ್ವಾಮೀನ ನೋಡಿದ ಕೂಡ್ಲೆ ಅದನ್ನ ಗುರ್ತು ಹಿಡದಾನ."

ಅವತ್ತು ನಾನು ಹತ್ತು ನಿಮಿಷವೂ ಮಾತಾಡಲಿಲ್ಲ. ಆ ರೋಮನ್ ಅಧಿಕಾರಿ ಯೇಸುವನ್ನು ಮನೆಗೆ ಕರೆಯಲಿಲ್ಲ, ಮುಟ್ಟಿ ವಾಸಿ ಮಾಡು ಅನ್ನಲಿಲ್ಲ, ಒಂದು ಮಾತು ಹೇಳಿದರೆ ಸಾಕು ಅಂದ. ಇಸ್ರಾಯೇಲಿನಲ್ಲೂ ಇಂಥ ನಂಬಿಕೆ ಕಾಣಲಿಲ್ಲ ಅಂತ ಕರ್ತನು ಹೇಳಿದ್ದು ಒಬ್ಬ ಹೊರಗಿನವನ ಬಗ್ಗೆ. ಇದನ್ನು ನಾನು ವರ್ಷಗಟ್ಟಲೆ ಹೇಳಿದ್ದೆ. ಕೈಕೆಳಗೆ ದುಡಿದವರು ಹೇಳಿದಾಗ ಕೂತಿದ್ದವರಿಗೆ ತಾಗಿತು. ಆಗಿನಿಂದ ಪ್ರತಿ ಭಾಗಕ್ಕೂ ಆ ಕೆಲಸ ಬಲ್ಲವರನ್ನೇ ಹುಡುಕಿ ಓದಿಸುತ್ತೇನೆ. ಲೂಕ 5ರ ಬಲೆ ಬೀಸುವ ಭಾಗಕ್ಕೆ ಕಾರವಾರ ಕಡೆಯ ನೆಂಟರೊಬ್ಬರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿದ್ದೆ. ರಾತ್ರಿಯೆಲ್ಲ ದುಡಿದು ಬಲೆ ತೊಳೆದ ಮೇಲೆ ಮತ್ತೆ ದೋಣಿ ಇಳಿಸು ಅಂದರೆ ಮೈ ಎಷ್ಟು ಸೋತಿರುತ್ತದೆ ಅಂತ ಅವರು ಹೇಳಿದ ಮೇಲೆ, "ನಿನ್ನ ಮಾತಿನ ಮೇಲೆ ಹಾಕುತ್ತೇನೆ" ಅನ್ನುವ ಪೇತ್ರನ ಮಾತಿಗೆ ತೂಕ ಬಂತು.

ಇನ್ನು ದುಡ್ಡು. ಎಡಗಡೆ ಕಾಲಂನಲ್ಲಿ ಮೊದಲ ಎರಡು ತಿಂಗಳು ಫೋನ್ ಮಾಡುವುದು, ಕ್ಷಮೆ ಕೇಳುವುದು ಇಂಥವೇ ಬಂದವು. ದುಡ್ಡಿನ ಮಾತು ಬಂದದ್ದು 1 ಅರಸುಗಳು 17, ಬರಗಾಲದಲ್ಲಿ ಉಳಿದಿದ್ದ ಕೊನೆಯ ಹಿಟ್ಟಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ಚಾರೆಪ್ತದ ವಿಧವೆಯ ಭಾಗ ಹಿಡಿದಾಗ. ಅದನ್ನು "ಕೊಟ್ಟರೆ ನೂರರಷ್ಟು ಬರುತ್ತದೆ" ಅಂತ ಬೋಧಿಸುವವರು ಬಹಳ. ನಾವು ನಿಧಾನವಾಗಿ ಓದಿದೆವು. ಮಡಕೆ ತುಂಬಿ ತುಳುಕಿತು ಅಂತ ಅಲ್ಲೆಲ್ಲೂ ಇಲ್ಲ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ, ಅಷ್ಟೇ. ಆ ತಾಯಿ ದಿನಾ ಬೆಳಿಗ್ಗೆ ಮಡಕೆಯ ತಳವನ್ನೇ ನೋಡಿ ಹಿಟ್ಟು ತೆಗೆದಿರಬೇಕು.

ಆ ವಾರ ನಾಲ್ಕೈದು ಮಂದಿ ಬರೆದದ್ದು ಒಂದೇ ವಿಷಯ: ಹಾರ್ವೆಸ್ಟ್ ಹಬ್ಬದಲ್ಲಿ, ಅಂದರೆ ಸಭೆಯ ಸುಗ್ಗಿ ಹಬ್ಬದಲ್ಲಿ, ಕಾಣಿಕೆಯ ಹಣ್ಣು ತರಕಾರಿ ಹರಾಜಾದದ್ದರ ಬಾಕಿ. ನಮ್ಮ ಸಭೆಗಳ ಹರಾಜು ನಿಮಗೆ ಗೊತ್ತೇ ಇದೆ. ಒಂದು ನಿಂಬೆಹಣ್ಣು, ಒಂದು ಕುಂಬಳಕಾಯಿ, ಉತ್ಸಾಹದಲ್ಲಿ ಐನೂರು, ಸಾವಿರ ಅಂತ ಕೂಗುತ್ತೇವೆ, ಹೆಸರು ಬರೆಸುತ್ತೇವೆ, ಆಮೇಲೆ ವರ್ಷ ಕಳೆದರೂ ಕೊಡುವುದಿಲ್ಲ. ದೇವರ ಮುಂದೆ ಬಾಯಿಂದ ಆಡಿದ ಮಾತು ಅದು. ಎರಡು ತಿಂಗಳಲ್ಲಿ ಹದಿನೈದು ಹದಿನಾರು ಸಾವಿರದಷ್ಟು ಹಳೆ ಬಾಕಿ ಕಟ್ಟಿದರು. ಖಜಾಂಚಿಯವರು ಇದು ಯಾವ ಲೆಕ್ಕದ್ದು ಅಂತ ಹಳೆ ಪುಸ್ತಕ ತೆಗೆಯಬೇಕಾಯಿತು. ಅಲ್ಲಿಂದ ಸಭಾಪಾಲಕರು ನಮ್ಮ ಕೂಟವನ್ನು ಅನುಮಾನದಿಂದ ನೋಡುವುದು ನಿಂತಿತು.

ನನ್ನದೇ ನೋಟ್‌ಬುಕ್ಕಿನ ಒಂದು ಸಾಲು ಹೇಳುತ್ತೇನೆ. ಬೆಂಗಳೂರಿನಿಂದ ಬಂದ ಮಾಲಿನಲ್ಲಿ ಎಲ್‌ಇಡಿ ಬಲ್ಬಿನ ಒಂದು ಬಾಕ್ಸ್ ಬಿಲ್ಲಿಗೆ ಸೇರದೆ ಬಂದಿತ್ತು, ಒಂಬತ್ತು ಸಾವಿರ ಚಿಲ್ಲರೆಯದು. ಲೂಕ 16:10 ಓದುತ್ತಿದ್ದ ತಿಂಗಳು ಅದು, ಸ್ವಲ್ಪದರಲ್ಲಿ ನಂಬಿಗಸ್ತ. ಅಂಗಡಿಗೆ ಆ ತಿಂಗಳು ಬಾಡಿಗೆ ಕಟ್ಟುವುದೇ ಕಷ್ಟವಾಗಿತ್ತು. ಹಣ ಕಳಿಸಿದೆ. ಅವರಿಂದ ಒಂದು ಥ್ಯಾಂಕ್ಸ್ ಬಿಟ್ಟರೆ ಇವತ್ತಿನವರೆಗೂ ಏನೂ ಬಂದಿಲ್ಲ. ಕೂಟದಲ್ಲಿ ಅದನ್ನು ಹಾಗೇ ಹೇಳಿದೆ. ಕೂಟದಲ್ಲಿ ಗುತ್ತಿಗೆ ಹಿಡಿಯುವ ಇನ್ನೊಬ್ಬರು ಸಿಮೆಂಟ್ ಲೆಕ್ಕದಲ್ಲಿ ಸುಳ್ಳು ಬರೆಯುವುದಿಲ್ಲ ಅಂದಿದ್ದಕ್ಕೆ ಎರಡು ಕೆಲಸ ಕಳೆದುಕೊಂಡರು. ಅವು ತಿರುಗಿ ಬರಲಿಲ್ಲ. ಅವರಿಗಾಗಿ ದಾನಿಯೇಲ 3 ಹಿಡಿದೆವು. ಅರಸನ ಪ್ರತಿಮೆಗೆ ಅಡ್ಡಬೀಳದ್ದಕ್ಕೆ ಬೆಂಕಿಗೆ ಹಾಕಿಸಿಕೊಳ್ಳಲಿದ್ದ ಮೂವರು ಯೆಹೂದ್ಯರು ಅರಸನಿಗೆ ಹೇಳಿದ್ದು, ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಅಂತ. ಆ "ಬಿಡಿಸದಿದ್ದರೂ" ಹೇಳದೆ ನಂಬಿಕೆ ಕಲಿಸುವವರ ಮೇಲೆ ನನಗೆ ಸಿಟ್ಟಿದೆ.

ಒಂದು ಎಚ್ಚರಿಕೆ, ಇದನ್ನು ಹಾರಿಸಬೇಡಿ. ಪ್ರವಾದಿಯ ಮಾತಿನಂತೆ ಯೊರ್ದನ್ ಹೊಳೆಯಲ್ಲಿ ಮುಳುಗಿ ಕುಷ್ಠ ವಾಸಿಯಾದ ನಾಮಾನನ ಭಾಗ, 2 ಅರಸುಗಳು 5, ಓದುತ್ತಿದ್ದಾಗ ಅಕ್ಕ ಒಬ್ಬರು ಸಕ್ಕರೆ ಕಾಯಿಲೆಯ ಗುಳಿಗೆ ಬಿಡುತ್ತೇನೆ ಅಂತ ಬರೆದುಬಿಟ್ಟಿದ್ದರು. ನೋಟ್‌ಬುಕ್ ನೋಡಿದವನೇ ಅವತ್ತೇ ರಾತ್ರಿ ಮನೆಗೆ ಹೋದೆ. ಹಿಜ್ಕೀಯ ಅರಸನಿಗೆ ಆಯುಷ್ಯ ಕೂಡಿಸುತ್ತೇನೆ ಅಂತ ದೇವರೇ ಹೇಳಿದ ಮೇಲೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ್ದನ್ನು ತೋರಿಸಿ, ಗುಳಿಗೆ ನುಂಗಿಸಿ ಬಂದೆ. ಆಗಿನಿಂದ ಎರಡು ಕಟ್ಟುನಿಟ್ಟು. ಔಷಧಿ ನೋಟ್‌ಬುಕ್ಕಿಗೆ ಬರುವಂತಿಲ್ಲ. ಯಾರ ಎಡಗಡೆ ಕಾಲಂ ಅನ್ನೂ ಕೂಟ ನಡೆಸುವವನು ತುಂಬಿಸುವಂತಿಲ್ಲ. ಅಧಿಕಾರ ದೇವರದು. ಮಂದೆಯ ಮೇಲೆ ದೊರೆತನ ಮಾಡಬೇಡಿ ಅಂತ ಪೇತ್ರನೇ ಬರೆದಿದ್ದಾನೆ. "ನೀವು ಇದನ್ನೇ ಬರೀರಿ" ಅಂತ ಒಮ್ಮೆ ಹೇಳಿದರೆ ಕೂಟ ಕೆಟ್ಟಿತು.

ನಡುವೆ ಸಣ್ಣಪುಟ್ಟ ಪ್ರಯೋಗ ಮಾಡಿದ್ದೂ ಉಂಟು. ಊಟದ ಹೊತ್ತಿಗೆ ಮೊಬೈಲ್ ಒಂದು ಬುಟ್ಟಿಯಲ್ಲಿ ಹಾಕುವುದು, ಎರಡು ವಾರ ನಡೆಯಿತು. ಮಕ್ಕಳಿಗೇ ಬೇರೆ ನೋಟ್‌ಬುಕ್ ಕೊಟ್ಟದ್ದು ಚೆನ್ನಾಗಿ ನಡೆಯಿತು, ದೊಡ್ಡವರಿಗಿಂತ ಅವರ ಬಲಗಡೆ ಕಾಲಂ ಹೆಚ್ಚು ನೇರ. ವಾಟ್ಸಾಪ್‌ನಲ್ಲಿ "ಮಾಡಿದೆ" ಅಂತ ಹಾಕಿಸಿದ್ದನ್ನು ಒಂದೇ ವಾರದಲ್ಲಿ ನಿಲ್ಲಿಸಿದೆ, ಎದುರು ಕೂತು ಹೇಳುವ ಮಾತೇ ಬೇರೆ.

ಮೊದಲ ವಾರ ಯಾರೂ ಬಾಯಿ ಬಿಡದಾಗ ಏನು ಮಾಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಓದಿಕೊಂಡು ಬಂದವರ ಮುಂದೆ ಅದು ಕೆಲಸ ಮಾಡುವುದಿಲ್ಲ. "ಮಾಡಲಿಲ್ಲ" ಅಂತ ಮೂರು ವಾರ ಬರೆದವರನ್ನು ಹೇಗೆ ಉಳಿಸಿಕೊಳ್ಳುತ್ತೇನೆ ಅನ್ನುವುದೂ ನನ್ನ ಬಳಿಯೇ ಇರಲಿ. ಹುಬ್ಬಳ್ಳಿಗೆ ಬಂದು ಒಂದು ಗುರುವಾರ ಕೂತರೆ ಎರಡೂ ಕಾಣುತ್ತವೆ.

ಶುರು ಮಾಡುವವರು ಡಿಸೆಂಬರ್ ಬಿಡಿ, ಕ್ಯಾರಲ್ಸ್ ಗದ್ದಲದಲ್ಲಿ ಯಾರಿಗೂ ಗುರುವಾರ ಸಿಗುವುದಿಲ್ಲ. ಈಸ್ಟರ್‌ಗೆ ಮುಂಚಿನ ಶ್ರಮದಿನಗಳ ಕಾಲ ಒಳ್ಳೆಯದು. ಶತಾಧಿಪತಿಯಿಂದಲೇ ಹೊರಡಿ, ವಿಧವೆಯ ಭಾಗವನ್ನು ಮೂರನೇ ತಿಂಗಳಿಗಿಂತ ಮುಂಚೆ ತೆಗೆಯಬೇಡಿ. ನಮ್ಮಲ್ಲಿ ಮುಂದಿನ ತಿಂಗಳು ಯೆರೆಮೀಯ 32. ಬಾಬೆಲಿನವರು ಊರು ಮುತ್ತಿದ್ದಾರೆ, ಪ್ರವಾದಿ ಕಾವಲಿನಲ್ಲಿದ್ದಾನೆ, ಆದರೂ ದೇವರ ಮಾತಿಗೆ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಅನಾತೋತಿನ ಹೊಲ ಕೊಳ್ಳುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಓದುವುದಕ್ಕೆ ದಸ್ತಾವೇಜು ಬರೆಯುವವರೊಬ್ಬರನ್ನು ಒಪ್ಪಿಸಿದ್ದೇನೆ. ಅವರು ನಮ್ಮ ಸಭೆಯವರಲ್ಲ, ಬೈಬಲ್ ಕೈಯಲ್ಲಿ ಹಿಡಿಯುವುದೂ ಇದೇ ಮೊದಲಂತೆ.