ಪುಸ್ತಕ ಮುಚ್ಚಿದ ಸ್ಟೇಷನ್

ನನ್ನ ಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ ಇದೆ. ಹಾಲಿನ ಲೆಕ್ಕ ಬರೆಯಲು ತಂದಿದ್ದು. ಈಗ ಅದರಲ್ಲಿ ಹೀಗೆಲ್ಲ ಇದೆ: ‘ಸೋಲದೇವನಹಳ್ಳಿ, ನಿದ್ದೆ.’ ‘ನಿಡವಂದ, ಸಿಟ್ಟು.’ ‘ಇಳಿಯೋದೇ ಮರೆತೆ.’ ಯಾರಾದರೂ ತೆರೆದು ನೋಡಿದರೆ ಇವಳಿಗೆ ಏನೋ ಆಗಿದೆ ಅಂದುಕೊಳ್ಳುತ್ತಾರೆ.

ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ತಿಂಗಳ ಪಾಸು, ಮಹಿಳೆಯರ ಬೋಗಿ, ಕಿಟಕಿ ಪಕ್ಕ ಸಿಕ್ಕರೆ ಪುಣ್ಯ. ಎರಡು ವರ್ಷ ಈ ಹೊತ್ತನ್ನೆಲ್ಲ ಫೋನೇ ತಿಂದುಹಾಕಿತ್ತು. ಕಳೆದ ಜೂನ್‌ನಲ್ಲಿ ಫೋನಿನ ಬ್ಯಾಟರಿ ಕೈಕೊಟ್ಟಿತು. ರಿಪೇರಿಗೆ ಕೊಟ್ಟ ಒಂದು ವಾರ ಬೇರೆ ದಾರಿಯಿರಲಿಲ್ಲ. ಅಟ್ಟದಿಂದ ಕಾದಂಬರಿ ಇಳಿಸಿದೆ.

ಓದಿದ್ದು ಹೇಗಿತ್ತು ಅಂತ ಬರೆದಿಡಬೇಕು ಅನ್ನಿಸಿತು. ಆದರೆ ‘ಚೆನ್ನಾಗಿದೆ’, ‘ಪರವಾಗಿಲ್ಲ’ ಬಿಟ್ಟು ನನಗೆ ಬೇರೆ ಮಾತೇ ಹೊಳೆಯಲಿಲ್ಲ. ಹಾಗಾಗಿ ಸುಮ್ನೆ, ಪುಸ್ತಕ ಮುಚ್ಚಿದಾಗ ಯಾವ ಸ್ಟೇಷನ್ ಬಂದಿತ್ತು, ಯಾಕೆ ಮುಚ್ಚಿದೆ, ಇಷ್ಟನ್ನೇ ಬರೆಯತೊಡಗಿದೆ. ಒಂದು ನಿಯಮವನ್ನೂ ಮಾಡಿಕೊಂಡೆ. ಮೂರು ದಿನ, ತುಮಕೂರು ಬಿಟ್ಟ ಸ್ವಲ್ಪ ಹೊತ್ತಿಗೇ ಬರುವ ಹಿರೇಹಳ್ಳಿ ದಾಟುವ ಮೊದಲೇ ಪುಸ್ತಕ ಮುಚ್ಚಿದರೆ ಅದು ವಾಪಸ್ ಅಟ್ಟಕ್ಕೆ. ಈ ನಿಯಮ ಆಮೇಲೆ ಕೆಟ್ಟಿತು. ಅದನ್ನೂ ಹೇಳುತ್ತೇನೆ.

ಮೊದಲು ಓದಿದ್ದು ತೇಜಸ್ವಿಯವರ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿಯ ಒಂದು ದಿನದ ಕಥೆ. ಕಾಡಿನ ಕಳ್ಳದಂಧೆ, ಹಳೆಯ ಕಾವ್ಯದೊಳಗೆ ಅಡಗಿದ ಗುಟ್ಟು, ಕೊನೆಗೆ ರೈಲು. ರೈಲಿನಲ್ಲಿ ಕೂತು ರೈಲಿನ ಭಾಗ ಓದಬಾರದು ಅಂತ ಯಾರೂ ನನಗೆ ಹೇಳಿರಲಿಲ್ಲ. ತಲೆ ಎತ್ತಿ ನೋಡುವಾಗ ಯಶವಂತಪುರ, ಮಲ್ಲೇಶ್ವರ ಎರಡೂ ಹೋಗಿ ಮೆಜೆಸ್ಟಿಕ್ ಬಂದಿತ್ತು. ಆಫೀಸಿಗೆ ತಡ. ನೋಟ್‌ಬುಕ್ಕಿನಲ್ಲಿ ಆ ದಿನ ದೊಡ್ಡ ಅಕ್ಷರದಲ್ಲಿ ‘ಮರೆತೆ’ ಅಂತ ಬರೆದೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಾ ಅಂತ ಆಗ ಅನ್ನಿಸಿತ್ತು.

ಮುಂದೆ ‘ಘಾಚರ್ ಘೋಚರ್’. ವಿವೇಕ ಶಾನಭಾಗರ ತೆಳು ಪುಸ್ತಕ. ಬೆಳಿಗ್ಗೆ ಹೋಗುವಾಗ ಅರ್ಧ, ಸಂಜೆ ಬರುವಾಗ ಅರ್ಧ, ದೊಡ್ಡಬೆಲೆ ಬರುವಷ್ಟರಲ್ಲಿ ಮುಗಿದೇ ಹೋಯಿತು. ನನ್ನ ಲೆಕ್ಕದ ಪ್ರಕಾರ ಇದಕ್ಕೂ ‘ಜುಗಾರಿ ಕ್ರಾಸ್’ನಷ್ಟೇ ಅಂಕ ಸಿಗಬೇಕು. ಆದರೆ ಮರುದಿನ ಇನ್ನೊಂದು ಪುಸ್ತಕ ತೆಗೆಯಲು ಮನಸ್ಸೇ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅದರಲ್ಲಿ ಒಂದು ಸನ್ನಿವೇಶ ಇದೆ. ಮನೆಯ ಯಜಮಾನನಂತಿರುವ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟ ಅಂತ ಮಸೂರ್ ಬೇಳೆಯ ಸಾರು ಮಾಡಿ ತಂದಿದ್ದಾಳೆ. ದುಡಿದು ತರುವವನಿಗೆ ತೊಂದರೆ ಆಗಬಾರದಲ್ವಾ! ಮನೆಯ ಹೆಂಗಸರೇ ನಿಂತು ಅವಳನ್ನು ಬೈದು ಓಡಿಸುತ್ತಾರೆ. ಆ ಚಿಕ್ಕಪ್ಪ ಹೊರಗೇ ಬರುವುದಿಲ್ಲ. ನಾನು ಇದನ್ನು ಓದುವಾಗ ಬೋಗಿಯಲ್ಲಿ ತಿಂಡಿ ಡಬ್ಬಿಗಳು ತೆರೆದಿದ್ದವು. ಎಲ್ಲ ಕಡೆ ಚಿತ್ರಾನ್ನ, ಪಲ್ಯದ ವಾಸನೆ. ಡಬ್ಬಿ ಹಿಡಿದ ಕೈಗಳನ್ನು ನೋಡುವುದೇ ಕಷ್ಟವಾಯಿತು. ಬಡತನದಲ್ಲಿ ಇರುವೆಗಳ ಜೊತೆ ಗುದ್ದಾಡಿದ ಅದೇ ಕುಟುಂಬ ಈಗ ಮನುಷ್ಯರನ್ನು ಇರುವೆಯಂತೆ ಒರೆಸಿ ಹಾಕುತ್ತಿದೆ. ಇದನ್ನು ಲೇಖಕರು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕಥೆ ಹೇಳುವವನಿಗೂ ಹೇಳಲು ಧೈರ್ಯ ಇಲ್ಲ. ಕಾಫಿ ಹೌಸಿನಲ್ಲಿ ಕೂತು ವಿನ್ಸೆಂಟ್ ಎಂಬ ಮಾಣಿಯ ಮಾತಿಗೆ ಕಾಯುತ್ತಾನೆ.

ಆಗಲೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದದ್ದು. ಒಂದು ಕಡೆ ‘ಮುಚ್ಚಿದ್ದು’, ಇನ್ನೊಂದು ಕಡೆ ‘ಮುಚ್ಚಿದ ಮೇಲೆ’. ‘ಜುಗಾರಿ ಕ್ರಾಸ್’ನ ಮುಂದೆ ಏನು ಬರೆಯಬೇಕೋ ತಿಳಿಯಲಿಲ್ಲ. ಓಟದ ಕಥೆ ಆಗಲೇ ಮಸುಕಾಗಿತ್ತು. ಏಲಕ್ಕಿ ಮಾರಿ ದುಡ್ಡು ಕೈಗೆ ಬಂದಾಗಿನ ಸಂಭ್ರಮ ಮಾತ್ರ ಹಾಗೇ ಇತ್ತು. ಅದನ್ನೇ ಬರೆದೆ.

ಪತ್ತೇದಾರಿ ಓದದೆ ಇರಲಾಗುತ್ತದಾ? ನಮ್ಮಪ್ಪ ಎನ್. ನರಸಿಂಹಯ್ಯನವರ ಅಭಿಮಾನಿ. ನಾಲ್ಕನೇ ತರಗತಿ ಓದಿದ ಮನುಷ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು ಅಂತ ಅಪ್ಪ ನೂರಾರು ಸಲ ಹೇಳಿದ್ದಾರೆ. ಒಂದು ಗ್ರಂಥಾಲಯದಿಂದ ಪತ್ತೇದಾರ ಪುರುಷೋತ್ತಮನ ಪುಸ್ತಕವೊಂದನ್ನು ತಂದೆ. ರಟ್ಟು ಕಿತ್ತುಹೋಗಿತ್ತು, ಅದು ಸರಿ. ಚಿಕ್ಕಬಾಣಾವರದ ಹತ್ತಿರ ಬಂದಾಗ ಕೊನೆಯ ಎಂಟು ಪುಟಗಳೇ ಇಲ್ಲ ಅಂತ ಗೊತ್ತಾಯಿತು. ಕಂಟ್ರೋಲ್ ತಪ್ಪಿ ಜೋರಾಗಿ ‘ಅಯ್ಯೋ’ ಅಂದೆ. ಅಪ್ಪನಿಗೆ ಫೋನ್ ಮಾಡಿದರೆ, ‘ಅದ್ರಲ್ಲಿ ಯಾರೂಂತ ನೆನಪಿಲ್ಲ ಕಣಮ್ಮ, ಆದ್ರೆ ಸಿಕ್ಕಿಬೀಳ್ತಾನೆ’ ಅಂದರು.

‘ಶರಪಂಜರ’ದ ಸಿನಿಮಾ ಯಾರು ನೋಡಿಲ್ಲ? 1971ರದ್ದು. ಕಾವೇರಿ ಅಂದರೆ ನನಗೆ ಕಲ್ಪನಾ ಮುಖವೇ. ಅದಕ್ಕೇ ತ್ರಿವೇಣಿಯವರ ಕಾದಂಬರಿ ಇಷ್ಟು ದಿನ ಓದಿರಲಿಲ್ಲ. ಗೊತ್ತಿರುವ ಕಥೆ ಏನು ಓದೋದು ಅಂತ. ನನ್ನದು ದೊಡ್ಡ ತಪ್ಪು. ಬಾಣಂತನದ ನಂತರ ಮನಸ್ಸು ಕೆಟ್ಟ ಹೆಣ್ಣು ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಸಿನಿಮಾದಲ್ಲಿ ಅವಳ ಕಿರುಚಾಟ ನೆನಪಿರುತ್ತದೆ. ಪುಸ್ತಕದಲ್ಲಿ ನನ್ನನ್ನು ಹಿಡಿದದ್ದು ಮನೆಯವರ ಮೆಲುದನಿ. ಅವಳು ಸ್ವಲ್ಪ ಜೋರಾಗಿ ಮಾತಾಡಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಎಲ್ಲರಿಗೂ ಬರುವ ಸಿಟ್ಟು ಅವಳಿಗೆ ಬಂದರೆ ಮಾತ್ರ ಅದು ಕಾಯಿಲೆ. ತ್ರಿವೇಣಿ ಮನಃಶಾಸ್ತ್ರ ಓದಿದವರು, 1963ರಲ್ಲೇ ತೀರಿಕೊಂಡರು, ಇನ್ನೂ ನಲವತ್ತು ಆಗಿರಲಿಲ್ಲ. ಬಾಣಂತಿಯ ಮನಸ್ಸಿನ ಬಗ್ಗೆ ನಾವು ಈಗೀಗ ಆಡುವ ಮಾತನ್ನು ಅವರು ಅಷ್ಟು ಹಿಂದೆಯೇ ವಾರಪತ್ರಿಕೆ ಓದುವ ಹೆಂಗಸರಿಗೂ ತಿಳಿಯುವ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಇಂಥವನ್ನು ‘ಹೆಂಗಸರ ಕಾದಂಬರಿ’ ಅಂತ ಪಕ್ಕಕ್ಕೆ ಸರಿಸುವವರ ಮೇಲೆ ನನಗೆ ಸಿಟ್ಟಿದೆ. ‘ನಿಡವಂದ, ಸಿಟ್ಟು’ ಅಂತ ಬರೆದದ್ದು ಇದಕ್ಕೇ.

ಆ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಪಕ್ಕ ಕೂತಿದ್ದ, ಐದು ತಿಂಗಳ ಕೂಸಿನ ತಾಯಿ, ‘ಅಕ್ಕ, ಎರಡು ದಿನ ಕೊಡ್ತೀರಾ?’ ಅಂದಳು. ಕೊಟ್ಟೆ. ಆಮೇಲೆ ಅವಳು ಆ ರೈಲಿಗೆ ಬರಲೇ ಇಲ್ಲ. ಇರಲಿ ಬಿಡಿ.

ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಬೇರೆಯದೇ ಜಾತಿ. ಅವರು ಕೃಷಿ ವಿಜ್ಞಾನಿ. ಹೊಯ್ಸಳರ ಗುಡಿಗಳ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಇದೆ. ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದೇ 1492ರಲ್ಲಿ. ಹಾಗಿದ್ದರೆ 13ನೇ ಶತಮಾನದ ಸೋಮನಾಥಪುರಕ್ಕೆ ಅದು ಹೇಗೆ ಬಂತು? ಈ ಒಂದು ಎಳೆ ಹಿಡಿದು ಕಥೆ ಕಟ್ಟಿದ್ದಾರೆ. ಪಾತ್ರಗಳು ನನಗೆ ಅಷ್ಟು ರುಚಿಸಲಿಲ್ಲ, ಎಲ್ಲರೂ ಪಾಠ ಮಾಡುವವರಂತೆ ಮಾತಾಡುತ್ತಾರೆ. ಆದರೆ ಪ್ರಶ್ನೆ ಬಿಡಲಿಲ್ಲ. ಒಂದು ಭಾನುವಾರ ಮನೆಯವರನ್ನೆಲ್ಲ ಹೊರಡಿಸಿ ಸೋಮನಾಥಪುರಕ್ಕೇ ಹೋದೆ. ಸಾಲು ಸಾಲು ಕಾಳು, ನನ್ನ ಕಣ್ಣಿಗಂತೂ ಜೋಳವೇ! ಅಮೆರಿಕದ ಸಂಶೋಧಕರು 1989ರಲ್ಲಿ ಹೀಗೇ ವಾದಿಸಿದ್ದರು. ಅಲ್ಲ, ಅದು ಮುತ್ತು ಜೋಡಿಸಿದ ಮುಕ್ತಾಫಲ ಎನ್ನುವವರೂ ಇದ್ದಾರೆ. ನಮ್ಮ ಭಾವ ಸುಟ್ಟ ಜೋಳ ತಿನ್ನುತ್ತಲೇ ಮುಕ್ತಾಫಲದ ಪರ ವಾದಿಸಿದರು. ಕಾದಂಬರಿಯೊಂದು ನನ್ನನ್ನು ಮನೆಯಿಂದ ಹೊರಗೆ ಹೊರಡಿಸಿದ್ದು ಇದೇ ಮೊದಲು.

ವಸುಧೇಂದ್ರರ ‘ತೇಜೋ ತುಂಗಭದ್ರಾ’ಕ್ಕೆ ಮೂರು ವಾರ ಹಿಡಿಯಿತು. ಒಂದು ಕಡೆ ತೇಜೋ ನದಿಯ ದಡದ ಲಿಸ್ಬನ್, ಇನ್ನೊಂದು ಕಡೆ ತುಂಗಭದ್ರೆಯ ದಡದ ವಿಜಯನಗರ. ಗೇಬ್ರಿಯಲ್‌ನ ಹಡಗಿನ ಪಯಣ ಓದುವಾಗ ರೈಲಿನ ಅಲುಗಾಟವೂ ಸೇರಿ ನಿಜಕ್ಕೂ ಹೊಟ್ಟೆ ತೊಳೆಸಿತು. ಹಂಪಮ್ಮನ ಭಾಗಕ್ಕೆ ಬಂದಾಗ ಬೇಡ ಅನ್ನಿಸುವಷ್ಟು ಹಿಂಸೆ. ದಿನಾ ಹಿರೇಹಳ್ಳಿಯೊಳಗೇ ಮುಚ್ಚುತ್ತಿದ್ದೆ. ನಿಯಮದ ಪ್ರಕಾರ ಅಟ್ಟಕ್ಕೆ ಹೋಗಬೇಕಿತ್ತು. ಆದರೆ ಬೇಸರಕ್ಕೆ ಮುಚ್ಚುವುದೇ ಬೇರೆ, ತಡೆಯಲಾಗದೆ ಮುಚ್ಚುವುದೇ ಬೇರೆ. ಭೈರಪ್ಪನವರ ‘ಪರ್ವ’ದಲ್ಲೂ ಹೀಗೇ ಆಯಿತು. ಯುದ್ಧ ಅಂದರೆ ಶಂಖ, ರಥ ಅಂದುಕೊಂಡವಳಿಗೆ ಅವರು ಹೇಲು, ನೊಣ, ಕೊಳೆತ ಹೆಣದ ನಾತ ತೋರಿಸಿದರು. ಊಟದ ಡಬ್ಬಿ ತೆರೆಯಲಾಗಲಿಲ್ಲ. ಅಲ್ಲಿಗೆ ನಿಯಮ ಕಿತ್ತುಹಾಕಿದೆ. ‘ಪರ್ವ’ ಮಾತ್ರ ಮನೆಯಲ್ಲಿ, ರಾತ್ರಿ ಎಲ್ಲರ ಊಟ ಆದ ಮೇಲೆ, ದಿನಕ್ಕೆ ಹತ್ತು ಪುಟ ಅಂತ ಓದಿದೆ. ನಡುವೆ ಸ್ವಗತಗಳು ಜಾಸ್ತಿಯಾಯಿತು ಅಂತ ಈಗಲೂ ಅನ್ನುತ್ತೇನೆ. ಹಾಗಂತ ಯಾವುದನ್ನು ಕತ್ತರಿಸಲಿ ಅಂತ ಕೇಳಿದರೆ ತೋರಿಸಲು ಆಗುವುದಿಲ್ಲ.

ನನ್ನ ಹಾಗೆ ರೈಲಿನಲ್ಲಿ ಓದುವವರಿಗೆ ಒಂದು ಮಾತು. ದಪ್ಪ ಪುಸ್ತಕವನ್ನು ಒಂದೇ ಕೈಯಲ್ಲಿ ಹಿಡಿದು ನಿಂತು ಓದಲು ಹೋಗಬೇಡಿ, ಮಣಿಕಟ್ಟು ಹೋಗುತ್ತದೆ. ಪೆನ್ಸಿಲ್‌ಗೆ ದಾರ ಕಟ್ಟಿ ನೋಟ್‌ಬುಕ್ಕಿಗೇ ಸಿಕ್ಕಿಸಿಡಿ. ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿದರೆ ಹೆಸರು ನೋಡಿ ಮಾತಿಗೆಳೆಯುವವರೂ ಕಡಿಮೆ.

ಈಗ ಕೈಯಲ್ಲಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದದ್ದು, ಮೂರನೇ ಸಲ ಶುರು ಮಾಡಿದ್ದು. ಹಿಂದಿನ ಎರಡು ಸಲ ಹೆಸರುಗಳ ಕಾಡಿನಲ್ಲೇ ದಾರಿ ತಪ್ಪಿದ್ದೆ. ಈ ಸಲ ಯಾರು ಯಾರ ಮನೆಯವರು ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ನಾಯಿಗುತ್ತಿ, ಅವನ ನಾಯಿ ಹುಲಿಯ, ಇಬ್ಬರ ಬೆನ್ನು ಹಿಡಿದು ನಡೆದೆ. ನಾಲ್ಕು ತಿಂಗಳಾಯಿತು, ಮುಗಿಯುವ ಹಂತಕ್ಕೆ ಬಂದಿದ್ದೇನೆ. ಅತ್ತಿಗೆ ಮೊನ್ನೆ, ‘ಹುಲಿಯನ ಭಾಗಕ್ಕೆ ಬಂದ್ಯಾ? ಹೊಳೆ ದಾಟೋದು?’ ಅಂತ ಕೇಳಿ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಆಮೇಲೆ ಬರೆದದ್ದು ಇಷ್ಟು. ಸೋಮವಾರ: ‘ಕ್ಯಾತಸಂದ್ರ, ತೆರೆಯಲಿಲ್ಲ.’ ಮಂಗಳವಾರ: ‘ತೆರೆಯಲಿಲ್ಲ.’ ಬುಧವಾರ: ‘ಹಿಂದಕ್ಕೆ ಹೋಗಿ ಹುಲಿಯ ಮೊದಲು ಬರುವ ಅಧ್ಯಾಯ ಓದಿದೆ.’