ಕಾರ್ಡಿಗೆ ದುಡ್ಡು ಬೀಳದ ತಿಂಗಳು

ಅಮೆರಿಕದಲ್ಲಿ ಸ್ನ್ಯಾಪ್, ಅಂದರೆ ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ಕಾರ್ಡಿಗೆ ಹಾಕುವ ಹಣ, ನಿಂತಾಗ ಜನ ಮಾಡುವ ಮೊದಲ ತಪ್ಪು ಕಾಯುವುದು. ಇವತ್ತು ಬಂದೀತು, ನಾಳೆ ಬಂದೀತು ಎಂದು ಅಕ್ಕಿ ಡಬ್ಬದ ತಳ ಕಾಣುವವರೆಗೂ ಸುಮ್ಮನಿದ್ದು, ಆಮೇಲೆ ಗಾಬರಿಯಿಂದ ಹೊರಡುತ್ತಾರೆ. ದಿನಸಿ ಉಚಿತವಾಗಿ ಹಂಚುವ ಫುಡ್ ಪ್ಯಾಂಟ್ರಿಯ ನೋಂದಣಿ ಮೇಜಿನಲ್ಲಿ ಕೂತು ನಾನು ನೋಡಿದ ಮಟ್ಟಿಗೆ, ಬರಿಗೈಲಿ ಮರಳುವವರಲ್ಲಿ ಹೆಚ್ಚಿನವರು ಸಾಮಾನು ಮುಗಿದು ಮರಳುವುದಿಲ್ಲ. ದಿನ ತಪ್ಪಿರುತ್ತದೆ, ಏರಿಯಾ ತಪ್ಪಿರುತ್ತದೆ, ಇಲ್ಲವೇ ಒಂದು ಕಾಗದ ಮನೆಯಲ್ಲೇ ಉಳಿದಿರುತ್ತದೆ. ಈ ಮೂರೂ ಮನೆಯಿಂದಲೇ ಫೋನಿನಲ್ಲಿ ಸರಿಮಾಡಿಕೊಳ್ಳಬಹುದಾದ ವಿಷಯಗಳು.

ಮೊದಲು, ನಿಂತಿರುವುದು ಎಲ್ಲರಿಗೋ ನಿಮಗೊಬ್ಬರಿಗೋ ನೋಡಿ. 2025ರ ಅಕ್ಟೋಬರ್ 1ಕ್ಕೆ ಬಜೆಟ್ ಮಂಜೂರಾಗದೆ ಸರ್ಕಾರದ ಕೆಲಸ ನಿಲ್ಲುವ ಶಟ್‌ಡೌನ್ ಶುರುವಾಗಿ, ನವೆಂಬರ್ 1ರಿಂದ ಸುಮಾರು 4.2 ಕೋಟಿ ಜನರ ಹಣ ತಡೆಯಾಯಿತಲ್ಲ, ಅಂಥದ್ದಾದರೆ ಕಚೇರಿಗೆ ಅಲೆದು ಪ್ರಯೋಜನವಿಲ್ಲ. ಆಗಲೂ ಸ್ನ್ಯಾಪ್ ಹಣ ಬೀಳುವ ಇಬಿಟಿ ಕಾರ್ಡಿನಲ್ಲಿ ಮೊದಲೇ ಉಳಿದಿದ್ದ ಹಣ ನಡೆಯುತ್ತಿತ್ತು. ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ಫೋನ್ ಮಾಡಿ ಬಾಕಿ ಎಷ್ಟಿದೆ ಕೇಳಿಕೊಳ್ಳಿ.

ನಿಮಗೊಬ್ಬರಿಗೇ ನಿಂತಿದ್ದರೆ ಅಂಚೆಯಲ್ಲಿ ಬಂದ ನೋಟಿಸು ಹುಡುಕಿ. ಬಹಳ ಸಲ ಕಾರಣ ಸಣ್ಣದು: ನವೀಕರಣದ ಫಾರಂ ಕಳಿಸಿಲ್ಲ, ಸಂದರ್ಶನದ ಕರೆ ಎತ್ತಿಲ್ಲ, ಮನೆ ಬದಲಿಸಿದ್ದು ತಿಳಿಸಿಲ್ಲ. ನಿರ್ಧಾರ ತಪ್ಪೆನಿಸಿದರೆ ಫೇರ್ ಹಿಯರಿಂಗ್, ಅಂದರೆ ಮೇಲ್ಮನವಿಯ ವಿಚಾರಣೆ, ಕೇಳಲು 90 ದಿನ ಇದೆ. ಆದರೆ ಮಂಜೂರಾದ ಅವಧಿಯ ನಡುವೆ ಕಡಿತ ಮಾಡಿದ್ದರೆ, ನೋಟಿಸಿನಲ್ಲಿ ಕಡಿತ ಜಾರಿಗೆ ಬರುವ ದಿನಾಂಕದೊಳಗೇ ಕೇಳಿ. ತೀರ್ಪು ಬರುವ ತನಕ, ಇಲ್ಲವೇ ಮಂಜೂರಾದ ಅವಧಿ ಮುಗಿಯುವ ತನಕ, ಹಳೆಯ ಮೊತ್ತ ಮುಂದುವರಿಯುತ್ತದೆ. ತೀರ್ಪು ನಿಮ್ಮ ವಿರುದ್ಧ ಬಂದರೆ ಆ ಹಣ ವಾಪಸು ಕೇಳಬಹುದು, ಅದೂ ಗಮನದಲ್ಲಿರಲಿ. ಹೊಸದಾಗಿ ಅರ್ಜಿ ಹಾಕುವವರ ತಿಂಗಳ ಒಟ್ಟು ಆದಾಯ 150 ಡಾಲರಿಗಿಂತ ಕಡಿಮೆ ಇದ್ದು, ಕೈಯಲ್ಲೂ ಬ್ಯಾಂಕಿನಲ್ಲೂ ಸೇರಿ 100 ಡಾಲರ್ ಮೀರದಿದ್ದರೆ 7 ದಿನದೊಳಗೆ ಸಿಗುವ ತುರ್ತು ಸ್ನ್ಯಾಪ್ ಇದೆ. ಆದಾಯ, ಉಳಿತಾಯ ಎರಡೂ ಸೇರಿದರೂ ಬಾಡಿಗೆ, ಕರೆಂಟು, ಗ್ಯಾಸಿನ ಖರ್ಚಿಗೆ ಸಾಲದವರಿಗೂ ಅದು ಅನ್ವಯಿಸುತ್ತದೆ. ‘ಎಕ್ಸ್‌ಪಿಡೈಟೆಡ್’ ಎಂಬ ಪದ ಬಳಸಿಯೇ ಕೇಳಿ.

ಇನ್ನು ಅಡುಗೆಮನೆಯ ಮಾತು. ಫುಡ್ ಬ್ಯಾಂಕ್ ಎಂದರೆ ಗೋದಾಮು. ಬಹುತೇಕ ಕಡೆ ಮನೆಗಳಿಗೆ ಸಾಮಾನು ಕೊಡುವುದು ಅದರಿಂದ ತರಿಸಿಕೊಳ್ಳುವ ಪ್ಯಾಂಟ್ರಿ. ಗೋದಾಮಿನ ಬಾಗಿಲಿಗೆ ಹೋಗಿ ನಿಂತು ಅರ್ಧ ದಿನ ಕಳೆದುಕೊಂಡವರಿದ್ದಾರೆ. ಸ್ಥಳೀಯ ನೆರವಿನ ಮಾಹಿತಿ ಕೊಡುವ 211ಕ್ಕೆ ಫೋನ್ ಮಾಡಿ ಜಿಪ್ ಕೋಡ್, ಅಂದರೆ ನಿಮ್ಮ ಏರಿಯಾದ ಪಿನ್ ಕೋಡ್, ಹೇಳಿ, ಕನಿಷ್ಠ ಮೂರು ಪ್ಯಾಂಟ್ರಿಗಳ ಹೆಸರು ಬರೆದುಕೊಳ್ಳಿ. ಫುಡ್ ಬ್ಯಾಂಕುಗಳ ಒಕ್ಕೂಟವಾದ ಫೀಡಿಂಗ್ ಅಮೆರಿಕದ ಜಾಲತಾಣದಲ್ಲೂ ಜಿಪ್ ಕೋಡ್ ಹಾಕಿದರೆ ನಿಮ್ಮ ಭಾಗದ ಫುಡ್ ಬ್ಯಾಂಕ್ ಯಾವುದೆಂದು ಗೊತ್ತಾಗುತ್ತದೆ. ಪಟ್ಟಿಯನ್ನೇ ನಂಬಿ ಹೊರಡಬೇಡಿ. ಪ್ಯಾಂಟ್ರಿ ನಡೆಸುವವರು ಸ್ವಯಂಸೇವಕರು. ಸಮಯ ಬದಲಾದದ್ದು ಪಟ್ಟಿಗೆ ಸೇರುವುದು ಎಷ್ಟೋ ದಿನದ ಮೇಲೆ.

ಪ್ರತಿಯೊಂದಕ್ಕೂ ಫೋನ್ ಮಾಡಿ ಇಷ್ಟು ಕೇಳಿ: ನನ್ನ ಜಿಪ್ ಕೋಡಿಗೆ ಕೊಡುತ್ತೀರಾ, ಈ ವಾರ ಯಾವ ದಿನ, ಮುಂಚೆ ಹೆಸರು ಬರೆಸಬೇಕಾ, ಯಾವ ಕಾಗದ ತರಬೇಕು, ತಿಂಗಳಿಗೆ ಎಷ್ಟು ಸಲ ಬರಬಹುದು. ಕೊನೆಯ ಪ್ರಶ್ನೆ ಮುಖ್ಯ. ತಿಂಗಳಿಗೊಮ್ಮೆ ಮಾತ್ರ ಕೊಡುವ ಕಡೆ ಮೊದಲ ವಾರವೇ ಹೋಗಿ ಬಂದರೆ ಉಳಿದ ವಾರಗಳಿಗೆ ಬೇರೆ ಎರಡು ಕೈಯಲ್ಲಿರಬೇಕು. ವಿಳಾಸವಿರುವ ಒಂದು ಬಿಲ್ಲು, ಗುರುತಿನ ಚೀಟಿ, ಮನೆಯವರೆಲ್ಲರ ಹೆಸರು ಮತ್ತು ವಯಸ್ಸು ಬರೆದ ಚೀಟಿ ಒಂದೇ ಕವರಿನಲ್ಲಿರಲಿ. ಸರ್ಕಾರದಿಂದ ಬಂದ ಸಾಮಾನು ಹಂಚುವಲ್ಲಿ ಆದಾಯವನ್ನು ಸಾಮಾನ್ಯವಾಗಿ ನೀವೇ ಬರೆದು ಸಹಿ ಹಾಕಿದರೆ ಸಾಕು. ಯಾವುದೋ ಕಾಗದ ಇಲ್ಲವೆಂದು ಹೋಗುವುದನ್ನೇ ಬಿಡಬೇಡಿ. ಮೊದಲ ಸಲಕ್ಕೆ ಹಾಗೇ ಕೊಟ್ಟು ಮುಂದಿನ ಸಲ ತನ್ನಿ ಎನ್ನುವ ಪ್ಯಾಂಟ್ರಿಗಳು ಬೇಕಾದಷ್ಟಿವೆ.

ಚೀಲ ನೀವೇ ಒಯ್ಯಿರಿ, ಚಕ್ರದ ಗಾಡಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಗ್ಯಾಲನ್ ಹಾಲೇ ಸುಮಾರು 4 ಕೆಜಿ ತೂಗುತ್ತದೆ. ಅದರ ಜೊತೆ ಹತ್ತು ಡಬ್ಬಿ, ಒಂದು ಮೂಟೆ ಆಲೂಗಡ್ಡೆ ಹೊತ್ತು ಬಸ್ಸು ಹತ್ತುವುದು ವಯಸ್ಸಾದವರಿಗೆ ಆಗದ ಮಾತು.

ಸಸ್ಯಾಹಾರಿಗಳು ಮೇಜಿನ ಬಳಿಯೇ ಹೇಳಿಬಿಡಿ, ಸಂಕೋಚ ಬೇಡ. ಮಾಂಸದ ಡಬ್ಬಿ ಬಿಟ್ಟು ಬೇರೇನಾದರೂ ಇದ್ದರೆ ಕೊಡುತ್ತಾರೆ. ಆದರೂ ಲೇಬಲ್ ಓದಿ. ತರಕಾರಿ ಸೂಪಿನಲ್ಲಿ ಬೀಫ್ ಬ್ರಾತ್ ಅಂದರೆ ದನದ ಮಾಂಸದ ರಸ, ರಿಫ್ರೈಡ್ ಬೀನ್ಸಿನಲ್ಲಿ ಲಾರ್ಡ್ ಅಂದರೆ ಹಂದಿಕೊಬ್ಬು, ಬೇಕ್ಡ್ ಬೀನ್ಸಿನಲ್ಲಿ ಹಂದಿಮಾಂಸದ ಚೂರು ಇರಬಹುದು. ನಮ್ಮ ಅಡುಗೆಗೆ ಒಗ್ಗುವುದು ಒಣಕಾಳು: ಬ್ಲ್ಯಾಕ್ ಐಡ್ ಪೀಸ್ ನಮ್ಮ ಅಲಸಂದೆಯೇ, ಸ್ಪ್ಲಿಟ್ ಪೀಸ್ ಬಟಾಣಿ ಬೇಳೆ, ಹುಳಿಗೆ ತೊಗರಿಬೇಳೆಯ ಜಾಗದಲ್ಲಿ ನಡೆಯುತ್ತದೆ. ರಾಜ್ಮಾ ಸಿಕ್ಕರೆ ಮಾತ್ರ ಜೋಕೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಬೇಕು, ಇಲ್ಲವೇ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಬೇಕು. ಸ್ಲೋ ಕುಕ್ಕರಿನ ಶಾಖಕ್ಕೆ ಅದರ ವಿಷ ಹೋಗುವುದಿಲ್ಲ. ಅರೆಬೆಂದದ್ದು ತಿಂದರೆ ವಾಂತಿ ಗ್ಯಾರಂಟಿ. ‘ಬೆಸ್ಟ್ ಬೈ’ ದಿನಾಂಕ ದಾಟಿದ ಡಬ್ಬಿ ಉಬ್ಬಿಲ್ಲದಿದ್ದರೆ, ಸೋರದಿದ್ದರೆ, ಅಂಚಿನಲ್ಲಿ ಜಜ್ಜಿಲ್ಲದಿದ್ದರೆ ಬಳಸಬಹುದು. ಮಗುವಿನ ಫಾರ್ಮುಲಾ ಪುಡಿಯ ದಿನಾಂಕ ಮಾತ್ರ ಒಂದು ದಿನವೂ ಮೀರಬಾರದು.

ಬಸುರಿ, ಬಾಣಂತಿ, 5 ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ತಾಯಿ ಮತ್ತು ಪುಟ್ಟ ಮಕ್ಕಳ ಆಹಾರಕ್ಕೆ ನೆರವಾಗುವ ಸರ್ಕಾರಿ ಯೋಜನೆ ವಿಕ್‌ಗೆ ಬೇರೆಯೇ ಅರ್ಜಿ ಹಾಕಿ. ಸ್ನ್ಯಾಪ್ ಮೂಲಕ ಶಾಲೆಯ ಉಚಿತ ಊಟ ಮಂಜೂರಾಗಿದ್ದರೆ, ಸ್ನ್ಯಾಪ್ ನಿಂತರೂ ಆ ಶಾಲಾವರ್ಷ ಪೂರ್ತಿ ಊಟ ಸಿಗುತ್ತದೆ. 60 ದಾಟಿದ, ಆದಾಯ ಕಡಿಮೆಯಿರುವ ಹಿರಿಯರಿಗೆ ತಿಂಗಳ ಆಹಾರದ ಪೆಟ್ಟಿಗೆ ಕೊಡುವ ಸಿಎಸ್‌ಎಫ್‌ಪಿ ಎಂಬ ಸರ್ಕಾರಿ ಯೋಜನೆ ಇದೆ, ಫುಡ್ ಬ್ಯಾಂಕಿನಲ್ಲಿ ವಿಚಾರಿಸಿ. ಹತ್ತಿರ ಗುರುದ್ವಾರವಿದ್ದರೆ ಲಂಗರಿನಲ್ಲಿ ಬಿಸಿ ಸಸ್ಯಾಹಾರಿ ಊಟಕ್ಕೆ ಯಾವ ಕಾಗದವೂ ಬೇಡ. ತಲೆಗೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಸಾಲಿನಲ್ಲಿ ಕೂತರಾಯಿತು.

ನಡೆದು ಬರಲಾಗದ ನೆರೆಯವರಿದ್ದರೆ ಅವರ ಪಾಲನ್ನೂ ತರಬಹುದೇ ಎಂದು ಫೋನಿನಲ್ಲೇ ಕೇಳಿ. ಒಪ್ಪಿದರೆ ಅವರ ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ, ‘ನನ್ನ ಪರವಾಗಿ ಇವರಿಗೆ ಕೊಡಿ’ ಎಂಬ ಒಂದು ಸಾಲು, ಸಹಿ, ತಾರೀಖು. ಅಷ್ಟೇ ಸಾಕು, ಮೇಜಿನಲ್ಲಿ ಕೂತವರು ಎರಡನೇ ಚೀಲ ತುಂಬುತ್ತಾರೆ.