ನನ್ನ ಸ್ಟೂಡಿಬೇಕರ್ ಅವಾಂಟಿಯ ಹಿಸ್ಟರಿ ನಾನು ಹುಡುಕಿದ್ದು ಹೀಗೆ

ಹಳೇ ಕಾರು ತಗೊಳ್ಳೋರು ಸಾಮಾನ್ಯವಾಗಿ ಪೇಂಟು ಕ್ರೋಮು ನೋಡಿ ಮರುಳಾಗ್ತಾರೆ, ಆದ್ರೆ ಕಾರಿನ ನಿಜವಾದ ಕಥೆ ಇರೋದು ನಂಬರಲ್ಲಿ ಮತ್ತೆ ಫ್ಯಾಕ್ಟರಿ ಕಾಗದದಲ್ಲಿ. ನಾನು ಕೆಲಸಕ್ಕೆ ಅಂತ ಅಮೆರಿಕದ ಇಂಡಿಯಾನಾಗೆ ಬಂದು ಇಲ್ಲೇ ಉಳಿದವನು. ಸ್ಟೂಡಿಬೇಕರ್ ಹುಟ್ಟಿದ್ದೂ ಇದೇ ರಾಜ್ಯದ ಸೌತ್ ಬೆಂಡ್ ಊರಲ್ಲಿ, 1852ರಲ್ಲಿ ಅಣ್ಣತಮ್ಮಂದಿರು ಕುದುರೆಗಾಡಿ ಮಾಡ್ತಾ ಶುರು ಮಾಡಿದ ಕಂಪನಿ ಅದು. 1966ಕ್ಕೆ ಅವರ ಕಾರು ತಯಾರಿಕೆ ಪೂರ್ತಿ ನಿಂತೋಯ್ತು. ಹೋಗೋ ಮುಂಚೆ ಮಾಡಿದ ಕೊನೇ ಧೈರ್ಯದ ಕೆಲಸ ಅಂದ್ರೆ ಅವಾಂಟಿ ಅನ್ನೋ ಕಾರು.

1961ರಲ್ಲಿ ಕಂಪನಿಗೆ ಪ್ರೆಸಿಡೆಂಟ್ ಆಗಿ ಬಂದ ಶೆರ್ವುಡ್ ಎಗ್ಬರ್ಟ್ ಈ ಕಾರಿನ ಡಿಸೈನ್ ಕೆಲಸ ಹೆಸರಾಂತ ಡಿಸೈನರ್ ರೇಮಂಡ್ ಲೋವಿಗೆ ಕೊಟ್ಟ. ಲೋವಿ, ಟಾಮ್ ಕೆಲಾಗ್, ಬಾಬ್ ಆಂಡ್ರೂಸ್, ಜಾನ್ ಎಬ್‌ಸ್ಟೈನ್ ಇಷ್ಟು ಜನ ಪಾಮ್ ಸ್ಪ್ರಿಂಗ್ಸಲ್ಲಿ ಒಂದು ಬಾಡಿಗೆ ಮನೇಲಿ ಕೂತು ಕೆಲವೇ ವಾರದಲ್ಲಿ ಶೇಪ್ ರೆಡಿ ಮಾಡಿದ್ರು. 1962ರ ಏಪ್ರಿಲಲ್ಲಿ ನ್ಯೂಯಾರ್ಕ್ ಶೋನಲ್ಲಿ ಕಾರು ನಿಂತೇಬಿಟ್ಟಿತ್ತು. ಮುಂದೆ ಗ್ರಿಲ್ ಇಲ್ಲ, ಗಾಳಿ ಬಂಪರ್ ಅಡಿಯಿಂದ ಒಳಗೆ ಹೋಗುತ್ತೆ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕಾರು ಪಲ್ಟಿಯಾದ್ರೆ ಒಳಗಿರೋರನ್ನ ಕಾಪಾಡೋಕೆ ರೂಫ್ ಒಳಗೆ ರೋಲ್ ಬಾರ್, ಆ ಕಾಲಕ್ಕೆ ಇದೆಲ್ಲ ದೊಡ್ಡ ವಿಷಯ. ಹೊಸ ಚಾಸಿ ಮಾಡೋಕೆ ದುಡ್ಡಿರಲಿಲ್ಲ, ಹಾಗಾಗಿ ತಮ್ಮದೇ ಲಾರ್ಕ್ ಅನ್ನೋ ಕಾರಿನ ಕನ್ವರ್ಟಿಬಲ್ ಚಾಸಿನೇ ಕೂರಿಸಿದ್ರು, ಮೇಲಿನ ಬಾಡಿ ಪೂರ್ತಿ ಫೈಬರ್‌ಗ್ಲಾಸ್.

ಮುಳುಗಿಸಿದ್ದೂ ಆ ಫೈಬರ್‌ಗ್ಲಾಸೇ. ಒಹಾಯೋದ ಆಷ್ಟಬ್ಯೂಲಾದಿಂದ ಬಾಡಿ ಬರ್ತಿತ್ತು, ಪೀಸ್ ಒಂದಕ್ಕೊಂದು ಸರಿಯಾಗಿ ಕೂರ್ತಾ ಇರಲಿಲ್ಲ, ಆಮೇಲೆ ಬಾಡಿ ಜೋಡಿಸೋ ಕೆಲಸ ಸೌತ್ ಬೆಂಡಿಗೇ ತಂದ್ಕೊಂಡ್ರು, ಅಷ್ಟೊತ್ತಿಗೆ ಕಾದು ಕಾದು ಸಾಕಾಗಿ ಎಷ್ಟೋ ಜನ ಆರ್ಡರ್ ಕ್ಯಾನ್ಸಲ್ ಮಾಡಿದ್ರು. 1963ರ ಡಿಸೆಂಬರಲ್ಲಿ ಸೌತ್ ಬೆಂಡ್ ಪ್ಲಾಂಟ್ ಮುಚ್ಚಿದ್ರು, ಒಟ್ಟು 4,600 ಚಿಲ್ಲರೆ ಅವಾಂಟಿ ಹೊರಗೆ ಬಂದಿತ್ತು ಅಷ್ಟೇ. ಆಮೇಲೆ ಅದೇ ಊರಿನ ಡೀಲರ್‌ಗಳಾದ ನೇಥನ್ ಆಲ್ಟ್‌ಮನ್ ಮತ್ತೆ ಲಿಯೋ ನ್ಯೂಮನ್ ಹಕ್ಕು ಕೊಂಡು ಕಾರ್ವೆಟ್ ಇಂಜಿನ್ ಹಾಕಿ ಅವಾಂಟಿ ಟೂ ಅಂತ ಮಾಡಿದ್ರು, ಅದು ಬೇರೆನೇ ಕಥೆ.

ಈಗ ನನ್ನ ಕಾರಿನ ವಿಷಯ. ಮಾರಿದವರು ಹೇಳಿದ್ದು "ಒರಿಜಿನಲ್ ಆರ್ ಟೂ, ಫ್ಯಾಕ್ಟರಿ ಸೂಪರ್‌ಚಾರ್ಜರ್" ಅಂತ. ಸೂಪರ್‌ಚಾರ್ಜರ್ ಅಂದ್ರೆ ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಪಂಪು; ಅವಾಂಟಿಯ ಮಾಮೂಲಿ ಇಂಜಿನ್ ಆರ್ ಒನ್, ಫ್ಯಾಕ್ಟರಿಯಲ್ಲೇ ಸೂಪರ್‌ಚಾರ್ಜರ್ ಹಾಕಿದ್ದು ಆರ್ ಟೂ. ಬಾನೆಟ್ ತೆಗೆದ್ರೆ ಪ್ಯಾಕ್ಸ್‌ಟನ್ ಸೂಪರ್‌ಚಾರ್ಜರ್ ಇತ್ತು ನಿಜ, ಕಾರು ಕೆಂಪು ಬಣ್ಣ. ನಾನು ಮೊದಲು ಬ್ಲಾಕಿನ ಮುಂಭಾಗದಲ್ಲಿ ಮೇಲ್ಗಡೆ ಗ್ರೀಸು ಕೊಳೆ ಎಲ್ಲ ಒರೆಸಿ ಇಂಜಿನ್ ನಂಬರ್ ಓದಿದೆ. ಆರ್ ಟೂ ಆದ್ರೆ ನಂಬರ್ 'ಆರ್‌ಎಸ್' ಅಂತ ಶುರುವಾಗಬೇಕು, ನಂದು ಬರೀ 'ಆರ್'. ಅಂದ್ರೆ ಇದು ಹುಟ್ಟಿದ್ದು ಆರ್ ಒನ್, 289 ಕ್ಯೂಬಿಕ್ ಇಂಚಿನ ವಿ8, 240 ಹಾರ್ಸ್‌ಪವರ್.

ಅದೊಂದನ್ನೇ ನಂಬಿ ಕೂರೋ ಹಾಗಿಲ್ಲ, ಅರವತ್ತು ವರ್ಷದಲ್ಲಿ ಯಾರಾದ್ರೂ ಇಂಜಿನ್ನೇ ಬದಲಾಯಿಸಿರಬಹುದಲ್ವಾ. ಅದಕ್ಕೆ ಸೌತ್ ಬೆಂಡಿನ ಸ್ಟೂಡಿಬೇಕರ್ ನ್ಯಾಷನಲ್ ಮ್ಯೂಸಿಯಂಗೆ ಸೀರಿಯಲ್ ನಂಬರ್ ಕಳಿಸಿ ಫೀಸು ಕಟ್ಟಿ ಪ್ರೊಡಕ್ಷನ್ ಆರ್ಡರ್ ಕಾಪಿ ತರಿಸಿದೆ, ಅಂದ್ರೆ ಕಾರು ಹೇಗೆ ತಯಾರಾಯ್ತು ಅಂತ ಫ್ಯಾಕ್ಟರಿಯವರು ಬರೆದಿಟ್ಟ ಹಾಳೆ. ಕಂಪನಿ ಸತ್ರೂ ಅವರ ಕಾಗದಪತ್ರ ಈ ಊರಿನವರು ಉಳಿಸಿಕೊಂಡಿದ್ದಾರೆ, ಇದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಆ ಒಂದು ಹಾಳೆ ನನ್ನ ಕಾರಿನ ಜಾತಕ ಇದ್ದ ಹಾಗೆ: ಇಂಜಿನ್ ನಂಬರ್, ಬಣ್ಣ, ಸೀಟಿನ ಬಣ್ಣ, ಗೇರು, ಆಪ್ಷನ್, ಯಾವ ಡೀಲರಿಗೆ ಹೋಯ್ತು, ಕೀ ನಂಬರ್ ಕೂಡ. ಇಂಜಿನ್ ನಂಬರ್ ತಾಳೆ ಆಯ್ತು, ಅಂದ್ರೆ ಹುಟ್ಟಿದಾಗಿನ ಇಂಜಿನ್ನೇ. ಬಣ್ಣ ಮಾತ್ರ ಟರ್ಕಾಯ್ಸ್ ಅಂತ ಇತ್ತು!

ಅದನ್ನೂ ಪರೀಕ್ಷೆ ಮಾಡೋಣ ಅಂತ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬ್ಲೇಡಿಂದ ನಿಧಾನಕ್ಕೆ ಕೆರೆದೆ. ಫೈಬರ್ ಬಾಡಿಗೆ ದಯವಿಟ್ಟು ಮಾಮೂಲಿ ಪೇಂಟ್ ರಿಮೂವರ್ ಹಚ್ಚಬೇಡಿ, ರೆಸಿನ್ನೇ ಹಾಳಾಗುತ್ತೆ. ಕೆಂಪಿನ ಅಡಿ ಬಿಳಿ, ಬಿಳಿ ಅಡಿ ಟರ್ಕಾಯ್ಸ್ ಸಿಕ್ತು, ಆಗ ಆದ ಖುಷಿ ಹೇಳೋಕೆ ಬರಲ್ಲ.

ಹಳೇ ಓನರ್‌ಗಳ ಹೆಸರು ಸರ್ಕಾರಿ ಆಫೀಸಲ್ಲಿ ಕೇಳಿದ್ರೆ ಸಿಗಲ್ಲ, ಇಲ್ಲಿ ಪ್ರೈವಸಿ ಕಾನೂನು ಇದೆ. ಅದಕ್ಕೆ ಮಾರಿದವರ ಹತ್ರ ಇದ್ದಬದ್ದ ಹಳೇ ಬಿಲ್ಲು ರಸೀದಿ ಎಲ್ಲ ಕೇಳಿ ಇಸ್ಕೊಳ್ಳಿ. ನನಗೆ ಸಿಕ್ಕ ಕಟ್ಟಿನಲ್ಲಿ ಎಪ್ಪತ್ತರ ದಶಕದ ಒಂದು ಗ್ಯಾರೇಜ್ ಬಿಲ್ಲಲ್ಲಿ ಸೂಪರ್‌ಚಾರ್ಜರ್ ಕೂರಿಸಿದ್ದು ಬರೆದಿತ್ತು, ಕಥೆ ಪೂರ್ತಿ ಕೂಡ್ಕೊಳ್ತು. ಸಿಲಿಂಡರ್ ಒಳಗೆ ಗಾಳಿ ಪೆಟ್ರೋಲು ಎಷ್ಟು ಪಟ್ಟು ಒತ್ತಲಾಗುತ್ತೆ ಅನ್ನೋದೇ ಕಂಪ್ರೆಷನ್, ಆರ್ ಒನ್‌ದು 10.25, ಆರ್ ಟೂದು 9, ಸೂಪರ್‌ಚಾರ್ಜರ್ ಗಾಳಿ ತುರುಕುತ್ತೆ ಅಂತಲೇ ಫ್ಯಾಕ್ಟರಿಯವರು ಕಮ್ಮಿ ಇಟ್ಟಿದ್ದು. ಜಾಸ್ತಿ ಕಂಪ್ರೆಷನ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿದ್ರೆ ನಾಕಿಂಗ್ (ಪೆಟ್ರೋಲು ತಪ್ಪಾದ ಹೊತ್ತಲ್ಲಿ ಸಿಡಿಯೋದು) ಬಂದು ಪಿಸ್ಟನ್ ಹೋಗೋ ಅಪಾಯ ಇದೆ. ಹಾಗಾಗಿ ಅದನ್ನ ಬಿಚ್ಚಿ, ಎಣ್ಣೆ ಬಟ್ಟೆ ಸುತ್ತಿ, ಬಿಲ್ಲಿನ ಕಾಪಿ ಜೊತೆ ಡಬ್ಬಕ್ಕೆ ಹಾಕಿಟ್ಟಿದೀನಿ, ಎಸೆದಿಲ್ಲ, ಅದೂ ಈ ಕಾರಿನ ಹಿಸ್ಟರಿನೇ ತಾನೆ.

ಇನ್ನೊಂದು, ಹೆಡ್‌ಲೈಟಿನ ಸುತ್ತ ಇರೋ ಫ್ರೇಮ್ ಚೌಕ ಇದ್ರೆ 1964ರ ಮಾಡೆಲ್, ದುಂಡಗಿದ್ರೆ 1963ರದ್ದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ದುಂಡು ಫ್ರೇಮಿನ 64 ಕೂಡ ಇವೆ, ಲೈಟ್ ನೋಡಿ ದುಡ್ಡು ಕೊಡಬೇಡಿ. ಮತ್ತೆ ಬಾಡಿ ಫೈಬರ್ ಅಲ್ವಾ ತುಕ್ಕು ಹಿಡಿಯಲ್ಲ ಅಂತ ಅಂದ್ಕೋಬೇಡಿ. ಬಾಗಿಲ ಕೆಳಗೆ ಉದ್ದಕ್ಕೆ ಕಬ್ಬಿಣದ ತೊಟ್ಟಿ ತರದ್ದು ಇದೆ, ಇಲ್ಲಿನವರು ಹಾಗ್ ಟ್ರಫ್ ಅಂತಾರೆ, ಬಾಡಿ ಗಟ್ಟಿಯಾಗಿ ನಿಲ್ಲೋದೇ ಅದರ ಮೇಲೆ, ಅದು ಒಳಗಿಂದ ತಿಂದುಹೋಗಿರುತ್ತೆ, ಹೊರಗೆ ಗೊತ್ತೇ ಆಗಲ್ಲ. ನನ್ನ ಕಾರಲ್ಲಿ ಎಡಗಡೆದು ಬೆರಳಲ್ಲಿ ಒತ್ತಿದ್ರೆ ಉದುರ್ತಿತ್ತು, ಎರಡೂ ಕಡೆ ಹೊಸದು ಹಾಕಿಸಿದೆ. ಈಗ ಕೆಂಪು ತೆಗೆದು ಟರ್ಕಾಯ್ಸ್ ಮಾಡಿಸೋ ಕೆಲಸ ನಡೀತಿದೆ, ಪೇಂಟ್ ಅಂಗಡಿಯವರಿಗೆ ಆ ಕೆರೆದ ಜಾಗ ತೋರಿಸಿ ಶೇಡ್ ಮ್ಯಾಚ್ ಮಾಡಿಸ್ತಿದೀನಿ.